ಒಂದ ಡಬ್ಬಿ, ಎರಡ ಡಿಸ್ಕ್

ಕಾಕಾನಿಗೆ ಖಾನಾಪುರದಲ್ಲಿ ಫೋಟೋ ಸ್ಟುಡಿಯೋ. ಅಣ್ಣನ ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ದಿನಾ ಬಸ್ ಪಾಸಿನ ಮೇಲೆ ಓಡಾಟ. ಸ್ಟುಡಿಯೋದಲ್ಲಿರುವುದು ಒಂದೇ ಕಂಪ್ಯೂಟರ್. ಹಗಲು ಅದರಲ್ಲಿ ಮದುವೆ ಆಲ್ಬಂ ತಯಾರಾಗುತ್ತದೆ, ರಾತ್ರಿ ಶಟರ್ ಇಳಿದ ಮೇಲೆ ಗೇಮ್ ಓಡುತ್ತದೆ. ಈಗ ಅದರ ಹೊಟ್ಟೆ ತುಂಬಿದೆ. ಇಬ್ಬರೂ ಹೊಸ ಹಾರ್ಡ್‌ಡಿಸ್ಕ್ ಹುಡುಕಿ ಮಧ್ಯಾಹ್ನವೆಲ್ಲ ಬೆಳಗಾವಿಯ ಅಂಗಡಿಗಳನ್ನು ಸುತ್ತಿ, ಏನೂ ಕೊಳ್ಳದೆ ಬಸ್ ಹತ್ತಿದ್ದಾರೆ. ಗೋವಾವೇಸ್ ದಾಟುವಷ್ಟರಲ್ಲಿ ಮಾತು ಶುರುವಾಯಿತು.

ಹುಡುಗ: ಎಂಟು ಟಿಬಿದು ಕೈಯಾಗ ಬಂದಿತ್ತು ಕಾಕಾ. ನೀವ ತಿರುಗಿ ಕೌಂಟರ್ ಮ್ಯಾಲ ಇಟ್ಟ ಬಿಟ್ರಿ. ಅರ್ಧ ನಿಮ್ಮ ಫೋಟೋಕ್ಕ, ಅರ್ಧ ನನ್ನ ಗೇಮಿಗೆ. ಅಲ್ಲಿಗೆ ಮುಗೀತಿತ್ತು.

ಕಾಕಾ: ನಾ ಕೇಳಿದ್ದು ಒಂದು, ಅಂಗಡ್ಯಾಂವ ಕೊಟ್ಟಿದ್ದು ಒಂದು. ಮ್ಯಾಲಿನ ಚೀಟಿ ನೇರಳೆ ಬಣ್ಣದ್ದಿತ್ತು. ಅದು ಸಿಸಿಟಿವಿದು ಹೌದಲ್ಲೊ?

ಹುಡುಗ: ಹೌದ್ರಿ. ಬಂಗಾರದಂಗಡಿ, ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟ್, ಎಲ್ಲಾ ಕಡೆ ಕ್ಯಾಮೆರಾ ಆಗ್ಯಾವ. ಅದಕ್ಕ ಅಂಗಡ್ಯಾವ್ರ ಕೈಗೆ ಮದಲ ಹತ್ತೂದು ಅದ. ಪಿಸಿಗೆ ಹಚ್ಚಿದ್ರ ನಡಿಯೂದಿಲ್ಲ ಅಂತೇನಿಲ್ಲ. ಆದ್ರ ಅದನ್ನ ಮಾಡಿದ್ದು ಹಗಲೂ ರಾತ್ರಿ ಒಂದ ಸವನ ಬರ್ಕೋತ ಕುಂದ್ರಾಕ. ಇಲ್ಲೊಂದು ಅಲ್ಲೊಂದು ಫೈಲ್ ಹುಡುಕಿ ಓದೂದು ಅದರ ಕಸಬಲ್ಲ.

ಕಾಕಾ: ಮತ್ತ ಎಂಟು ಅಂತ ಬರದಿರ್ತಾರ, ಮನಿಗೆ ತಂದು ಹಚ್ಚಿದ್ರ ಎಂಟು ತೋರಸೂದಿಲ್ಲ. ಹಿಂದಿನದೂ ಹಂಗ ಆಗಿತ್ತು.

ಹುಡುಗ: 7.27 ತೋರಸ್ತೈತಿ. ಡಿಸ್ಕ್ ಮಾಡಾವ್ರು ಸಾವಿರದ ಲೆಕ್ಕ ಹಿಡಿತಾರ, ವಿಂಡೋಸ್ 1024ರ ಲೆಕ್ಕ ಹಿಡಿತೈತಿ. ಎಂಟರ ಮ್ಯಾಲ ಹನ್ನೆರಡು ಸೊನ್ನಿ ಬರದು 1024ರಲೆ ನಾಕ ಸಲ ಭಾಗಿಸಿದ್ರ ಅಷ್ಟ ಬರೂದು. ಯಾರೂ ಕದ್ದಿಲ್ಲ.

ಕಾಕಾ: ಕೊಡಾಂವನ ಸೇರು ಬ್ಯಾರೆ, ತಗೊಳ್ಳಾಂವನ ಸೇರು ಬ್ಯಾರೆ ಅನ್ನು. ಇರ್ಲಿ. ನನಗ ಎಷ್ಟ ಬೇಕು ಅನ್ನೂದರ ಮದಲ ಲೆಕ್ಕ ಹಾಕೂಣು. ತಗಿ ಆ ಲಗ್ನಪತ್ರ, ಹಿಂದ ಬರಿ.

ಹುಡುಗ: ಒಂದ ಲಗ್ನಕ್ಕ ಎಷ್ಟ ಫೋಟೋ ಹೊಡಿತೀರಿ?

ಕಾಕಾ: ಅರಿಶಿಣ, ದೇವಕಾರ್ಯ, ಅಕ್ಷತಿ, ಊಟ ಎಲ್ಲಾ ಸೇರಿ ಮೂರ ಸಾವಿರ. ಒಂದ ರಾ ಫೈಲ್ ಮೂವತ್ತು ಎಂಬಿ.

ಹುಡುಗ: ತೊಂಬತ್ತು ಜಿಬಿ ಆತು. ವಿಡಿಯೋ?

ಕಾಕಾ: ಫೋರ್‌ಕೆ. ಐದು ತಾಸು ಅಂತ ಹಿಡಿ.

ಹುಡುಗ: 100 ಎಂಬಿಪಿಎಸ್‌ಗೆ ಇಟ್ರ ತಾಸಿಗೆ 45 ಜಿಬಿ. ಐದು ತಾಸಿಗೆ 225. ಒಟ್ಟು ಒಂದ ಲಗ್ನಕ್ಕ 315. ವರ್ಷಕ್ಕ ಇಪ್ಪತ್ತೈದು ಲಗ್ನ ಅಂದ್ರ ಎಂಟು ಟಿಬಿ ತುಂಬಿತ ಹೋತು! ನೋಡ್ರಿ, ನಾ ಹೇಳಿದ್ದು ಬರೋಬ್ಬರಿ ಐತಿ.

ಕಾಕಾ: ತಡಿ. ವಿಡಿಯೋದ ಕಚ್ಚಾ ಮಾಲು ನಾ ಎಲ್ಲಿ ಇಡ್ತೀನಿ? ಆಲ್ಬಂ ಮುಟ್ಟಿಸಿ, ಪೆನ್‌ಡ್ರೈವ್ ಕೊಟ್ಟು, ಅವ್ರ ನೋಡಿ ಒಪ್ಪಿದ ಮ್ಯಾಲ ಅಳಿಸಿ ಬಿಡ್ತೀನಿ. ಉಳಿಯೂದು ಫೋಟೋ ಅಷ್ಟ, ಮತ್ತ ಕತ್ತರಿಸಿ ಮಾಡಿದ ಪಿಚ್ಚರ್ ಒಂದು. ತೊಂಬತ್ತನ್ನ ಇಪ್ಪತ್ತೈದರಲೆ ಗುಣಸು.

ಹುಡುಗ: ಎರಡೂ ಕಾಲು ಟಿಬಿ.

ಕಾಕಾ: ಅಂದ್ರ ನಾಕ ಟಿಬಿ ತಗೊಂಡ್ರ ಒಂದೂವರಿ ವರ್ಷ ದೂಕ್ತೈತಿ. ಆಮ್ಯಾಲ ಹೊಸಾದು. ಡಿಸ್ಕನ್ನ ತುಂಬಿದ ಮ್ಯಾಲ ಕೊಳ್ಳಬೇಕು, ತುಂಬೂ ಆಸೆದ ಮ್ಯಾಲ ಕೊಳ್ಳಬಾರದು.

ಹುಡುಗ: ಹಂಗಾರ ನನ್ನ ಗೇಮು?

ಕಾಕಾ: ನಿಂದೇನ ಅಂಥಾ ದೊಡ್ಡದು?

ಹುಡುಗ: ರೆಡ್ ಡೆಡ್ ರಿಡೆಂಪ್ಷನ್ 2 ಒಂದಕ್ಕ 150 ಜಿಬಿ ಕೇಳ್ತೈತಿ. ಬಾಲ್ಡರ್ಸ್ ಗೇಟ್ 3 ಅಷ್ಟ. ಸ್ಟಾರ್‌ಫೀಲ್ಡ್ 125.

ಕಾಕಾ: ನನ್ನ ಲಗ್ನಕ್ಕಿಂತ ನಿನ್ನ ಆಟ ಭಾರ ಆತಲ್ಲೊ.

(ಇಷ್ಟು ಹೊತ್ತಿಗೆ ಬಸ್ಸು ಉದ್ಯಮಬಾಗದ ಫೌಂಡ್ರಿಗಳ ನಡುವೆ ನಿಂತಿತ್ತು. ಶಿಫ್ಟ್ ಬಿಟ್ಟ ಹೊತ್ತು. ಹತ್ತಿದವರ ಅಂಗಿಯಿಂದ ಸುಟ್ಟ ಮರಳಿನ ವಾಸನೆ.)

ಹುಡುಗ: ಖರೇ ತ್ರಾಸ ಜಾಗಾದ್ದಲ್ಲ ಕಾಕಾ. ಈಗಿನ ಗೇಮು ಹಾರ್ಡ್‌ಡಿಸ್ಕ್ ಮ್ಯಾಲ ಓಡಾಕ ಒಲ್ಲೆ ಅಂತಾವ. ಆ ಎರಡು, ಬಾಲ್ಡರ್ಸ್ ಗೇಟು, ಸ್ಟಾರ್‌ಫೀಲ್ಡು, 2023ರಾಗ ಬಂದಾಗ ಎಸ್‌ಎಸ್‌ಡಿ ಬೇಕ ಅಂತ ಬರದಿದ್ರು. ಸೈಬರ್‌ಪಂಕ್‌ನವ್ರು ಅದ ವರ್ಷ ಹಾರ್ಡ್‌ಡಿಸ್ಕ್ ಕೈ ಬಿಟ್ರು.

ಕಾಕಾ: ಯಾಕ? 7200 ಸುತ್ತಿಂದ ತಗೊಂಡ್ರೂ ಆಗೂದಿಲ್ಲೇನು?

ಹುಡುಗ: ನಿಮಿಷಕ್ಕ 7200 ಅಂದ್ರ ಸೆಕೆಂಡಿಗೆ 120 ಸುತ್ತು. ಡಿಸ್ಕಿನೊಳಗಿನ ಬಿಲ್ಲಿಯ ಅಂಚು ತಾಸಿಗೆ ಸುಮಾರು 130 ಕಿಲೋಮೀಟರ್ ಹೊಡಿತೈತಿ.

ಕಾಕಾ: ಈ ಬಸ್ಸಿಗಿಂತ ಜೋರ.

ಹುಡುಗ: ಹೌದು. ಆದ್ರ ಅದೂ ಬಸ್ಸ ಕಾಕಾ. ನಿಮ್ಮ ಸ್ಟಾಪ್ ಬರೂತನಕ ಕಾಯಬೇಕು. ಬಿಲ್ಲಿ ಅರ್ಧ ಸುತ್ತು ತಿರುಗಾಕ ನಾಕ ಮಿಲಿ ಸೆಕೆಂಡ್, ಓದೂ ತಲಿ ಸರದು ಜಾಗಾಕ್ಕ ಬರಾಕ ಇನ್ನ ಎಂಟೊಂಬತ್ತು. ದೊಡ್ಡ ವಿಡಿಯೋ ಒಂದನ್ನ ಹಿಡದು ಓದಾಕ ಇದೇನ ತ್ರಾಸಲ್ಲ, ಸೆಕೆಂಡಿಗೆ 150-200 ಎಂಬಿ ಹರೀತಾವ. ಗೇಮಿನ್ಯಾಗ ಹಂಗಲ್ಲ. ಕುದರಿ ಓಡ್ಕೋತ ಹೋದಂಗ ಗಿಡ, ಮನಿ, ಮಂದಿ ಎಲ್ಲಾ ಸಣ್ಣ ಸಣ್ಣ ತುಣುಕನ್ಯಾಗ ಬರಬೇಕು, ಸಾವಿರ ಜಾಗಾದಿಂದ. ತಲಿ ಅತ್ತಾಗಿತ್ತಾಗ ಓಡಿ ಓಡಿ ಸಾಯ್ತೈತಿ. ಎಸ್‌ಎಸ್‌ಡಿಯಾಗ ತಿರಗೂದ ಇಲ್ಲ, ತಲೀನ ಇಲ್ಲ.

ಕಾಕಾ: ಹಂಗಾರ ಗೇಮಿಗೆ ದೊಡ್ಡ ಹಾರ್ಡ್‌ಡಿಸ್ಕ್ ಯಾತಕ್ಕಲೇ? ಅಂಗಡ್ಯಾಂವ ಗೇಮಿಂಗ್ ಡಿಸ್ಕ್ ಅಂತ ಬಡ್ಕೋತಿದ್ದ.

ಹುಡುಗ: ಆಡಾಕಲ್ಲ, ಇಡಾಕ. ಇದು ನಮ್ಮ ಖಾನಾಪುರದ ಮಾತು ಕಾಕಾ, ಬೆಂಗಳೂರಿನಾಂವಗ ತಿಳಿಯೂದಿಲ್ಲ. 150 ಜಿಬಿ ಗೇಮು 100 ಎಂಬಿಪಿಎಸ್ ಫೈಬರ್ ಮ್ಯಾಲ ಮೂರೂವರಿ ತಾಸಿನ್ಯಾಗ ಇಳೀತೈತಿ. ಮೊಬೈಲಿನ ದಿನಕ್ಕ ಎರಡು ಜಿಬಿ ಪ್ಯಾಕಿನ ಮ್ಯಾಲ ಇಳಿಸಿದ್ರ?

ಕಾಕಾ: ಎಪ್ಪತ್ತೈದು ದಿನ. ಒಂದ ಮಳಿಗಾಲ ಹೋತು.

ಹುಡುಗ: ಅದಕ್ಕ. ಅಳಿಸಿದ್ರ ಮತ್ತ ತರೂದು ಆಗೂದಿಲ್ಲ. ಆಡೂ ಗೇಮು ಎಸ್‌ಎಸ್‌ಡಿ ಮ್ಯಾಲ, ಉಳದದ್ದು ಹಾರ್ಡ್‌ಡಿಸ್ಕ್ ಮ್ಯಾಲ. ಸ್ಟೀಮಿನ್ಯಾಗ ಒಂದ ಡಿಸ್ಕಿನಿಂದ ಇನ್ನೊಂದಕ್ಕ ಸರಸಾಕ ಬರ್ತೈತಿ, ಹತ್ತಿಪ್ಪತ್ತು ನಿಮಿಷದ ಕೆಲಸ. ಎಸ್‌ಎಸ್‌ಡಿ ಅಡಗಿಮನಿ, ಹಾರ್ಡ್‌ಡಿಸ್ಕ್ ಹಗೇವು.

ಕಾಕಾ: ಹಗೇವು ಬೈಲಸೀಮಿ ಮಂದೀ ಮಾತು. ನಮ್ಮ ಕಡೆ ನೆಲಾ ತೋಡಿ ಕಾಳ ಇಟ್ರ ಜೂನ್‌ನ್ಯಾಗ ನೀರ ಬರ್ತೈತಿ. ನಮ್ಮದು ಕಣಜ.

ಹುಡುಗ: ಕಣಜ ಅಂತ ಅನ್ರಿ. ಈಗ ನಿಮ್ಮ ಮನಿ ಹಂಚಿಂದ ಒಂದ ಮಾತು ಐತಿ. ಡಿಸ್ಕಿನ್ಯಾಗ ಎರಡು ಜಾತಿ. ಒಂದು ಸಿಎಂಆರ್, ಇನ್ನೊಂದು ಎಸ್‌ಎಂಆರ್. ಸಿಎಂಆರ್‌ನ್ಯಾಗ ಗೆರಿ ಪಕ್ಕ ಗೆರಿ, ನಡುವ ಚೂರ ಜಾಗಾ ಬಿಟ್ಟು ಬರದಿರ್ತಾರ. ಎಸ್‌ಎಂಆರ್‌ನ್ಯಾಗ ಜಾಗಾ ಉಳಸಾಕಂತ ಒಂದರ ಮ್ಯಾಲ ಒಂದು ಚೂರ ಹೇರಿರ್ತಾರ, ಹಂಚ ಹೊಚ್ಚಿದಂಗ.

ಕಾಕಾ: ಅಂದ್ರ ನಡುವಿನ ಹಂಚ ಒಡದ್ರ?

ಹುಡುಗ: ನೀವ ಹೇಳ್ರಿ.

ಕಾಕಾ: ನಾ ಏನ ಹೇಳ್ಲಿ, ವರ್ಷಾ ಮೇ ತಿಂಗಳದಾಗ ಮಾಡ್ತೀನಲ್ಲ. ಮಳಿ ಹತ್ತೂ ಮುಂಚೆ ಮ್ಯಾಲ ಏರಿ, ಒಡದ ಹಂಚಿನ ಮ್ಯಾಲಿನ ಸಾಲು ಎಬ್ಬಿಸಬೇಕು. ಅದರ ಮ್ಯಾಲಿಂದೂ ಎಬ್ಬಿಸಬೇಕು. ಒಂದ ಹಂಚಿನ ಸಲುವಾಗಿ ಅರ್ಧ ದಿಂಡು ಬಿಚ್ಚಿ ತಿರುಗಿ ಹೊಚ್ಚಬೇಕು. ಅಷ್ಟರಾಗ ಮ್ವಾಡ ಕವಿದು ಬಂದ್ರ ದೇವರ ಗತಿ.

ಹುಡುಗ: ಹಂಗ ನೋಡ್ರಿ! ಎಸ್‌ಎಂಆರ್ ಡಿಸ್ಕಿನ್ಯಾಗ ನಡುವಿನ ಒಂದ ಫೈಲ್ ತಿದ್ದಿದ್ರ ಅದರ ಮುಂದಿನ ಸಾಲೆಲ್ಲಾ ತಿರುಗಿ ಬರೀಬೇಕು. ಮದಲ ಸ್ವಲ್ಪ ಹೊತ್ತು ಜೋರ ಬರಕೊಳ್ತೈತಿ, ಯಾಕಂದ್ರ ಪಕ್ಕಕ್ಕೊಂದು ಅಂಗಳ ಇಟ್ಟಿರ್ತಾರ, ಅಲ್ಲಿ ಒಗದು ಬಿಡ್ತೈತಿ. ಅಂಗಳ ತುಂಬಿದ ಮ್ಯಾಲ ಶುರು ಆಗೂದು ತ್ರಾಸ. ಇನ್ನೂರು ಎಂಬಿ ಓಡಾಂವ ಮೂವತ್ತಕ್ಕ ಬರ್ತಾನ.

ಕಾಕಾ: ಡಬ್ಬಿ ಮ್ಯಾಲ ಬರದಿರ್ತಾರೇನು?

ಹುಡುಗ: ಹೆಚ್ಚಾಗಿ ಬರದಿರೂದಿಲ್ಲ. 2020ರಾಗ ವೆಸ್ಟರ್ನ್ ಡಿಜಿಟಲ್‌ನವ್ರು ರೆಡ್ ಅನ್ನೂ ಡಿಸ್ಕಿನ್ಯಾಗ ಹೇಳದ ಇದನ್ನ ಹಾಕಿದ್ರು ಅಂತ ಜಗತ್ತಿನ ತುಂಬ ಗದ್ದಲ ಆತು. ಕಡೀಕ ಯಾವ ಮಾಡೆಲ್ ಯಾವ ಜಾತಿ ಅಂತ ಪಟ್ಟಿ ಹೊರಗ ಬಿಟ್ರು, ಸಿಎಂಆರ್‌ದಕ್ಕ ರೆಡ್ ಪ್ಲಸ್ ಅಂತ ಹೆಸರಿಟ್ರು. ಸೀಗೇಟ್‌ನವ್ರೂ ಪಟ್ಟಿ ಹಾಕ್ಯಾರ: ಬ್ಯಾರಾಕುಡಾ ನಾಕು, ಎಂಟು ಟಿಬಿ ಎರಡೂ ಎಸ್‌ಎಂಆರ್, ಸುತ್ತು 5400 ಅಷ್ಟ. ಐರನ್‌ವುಲ್ಫ್ ಎಲ್ಲಾ ಸಿಎಂಆರ್.

ಕಾಕಾ: ಅಗ್ಗದ್ದು ಹಂಚಿಂದ, ತುಟ್ಟಿದು ಸಾಲಿಂದ.

ಹುಡುಗ: ಒಮ್ಮೆ ಬರದು ಸುಮ್ಮನ ಇಡಾವ್ರಿಗೆ ಹಂಚಿಂದೂ ನಡೀತೈತಿ. ಅದು ಕೆಟ್ಟ ಮಾಲಲ್ಲ. ನಿಮ್ಮಂಗ ದಿನಾ ಅಳಸೂದು ಬರಿಯೂದು ಇದ್ರ ಬ್ಯಾಡ. ವಾರಂಟಿ ನೋಡ್ರಿ: ಬ್ಯಾರಾಕುಡಾಕ್ಕ ಎರಡ ವರ್ಷ, ಐರನ್‌ವುಲ್ಫ್, ರೆಡ್ ಪ್ಲಸ್‌ಗೆ ಮೂರು.

ಕಾಕಾ: ವಾರಂಟಿ ಡಿಸ್ಕಿಗೆ ತಮ್ಮಾ. ಡಿಸ್ಕಿನೊಳಗ ಇದ್ದದ್ದಕ್ಕಲ್ಲ.

ಹುಡುಗ: ಅದು ಖರೇ.

ಕಾಕಾ: ನಿನಗ ಹೇಳಿಲ್ಲ ಅನಸ್ತೈತಿ. ನೀ ಇನ್ನ ಹೈಸ್ಕೂಲ್‌ನ್ಯಾಗ ಇದ್ದಿ. ಮೇ ತಿಂಗಳ, ಲಗ್ನದ ಸುಗ್ಗಿ. ನನ್ನ ಹತ್ರ ಆಗ ಎರಡ ಹಾರ್ಡ್‌ಡಿಸ್ಕ್ ಇದ್ವು, ಎರಡೂ ಕ್ಯಾಬಿನೆಟ್ ಒಳಗ. ಒಂದರಾಗ ಕೆಲಸ, ಇನ್ನೊಂದರಾಗ ಅದರ ನಕಲು. ದಿನಾ ರಾತ್ರಿ ನಕಲು ಮಾಡಿ ಮಲಗ್ತಿದ್ದೆ. ನನಗಿಂತ ಶ್ಯಾಣ್ಯಾ ಯಾರಿಲ್ಲ ಅನ್ಕೊಂಡಿದ್ದೆ.

ಹುಡುಗ: ಆಮ್ಯಾಲ?

ಕಾಕಾ: ಸಂಜಿಮುಂದ ಅಡ್ಡಮಳಿ ಬಂತು. ಸಿಡಲು ಎಲ್ಲಿ ಬಿತ್ತೊ, ಓಣಿ ಕರೆಂಟ್ ಒಮ್ಮೆ ಜಗ್ಗನ ಬೆಳಗಿ ಹೋತು. ಕ್ಯಾಬಿನೆಟ್‌ನ್ಯಾಗಿಂದ ಪ್ಲಾಸ್ಟಿಕ್ ಸುಟ್ಟ ವಾಸನಿ. ಎಸ್‌ಎಂಪಿಎಸ್ ಸುಟ್ಟಿತ್ತು. ಸುಡೂಮುಂದ ಅದು ಎರಡೂ ಡಿಸ್ಕನ್ನ ಕೈ ಹಿಡದು ಕರಕೊಂಡು ಹೋಗಿತ್ತು.

ಹುಡುಗ: ಕೆಳಗಿನ ಹಸರ ಬೋರ್ಡ್ ಅಷ್ಟ ಸುಟ್ಟಿರ್ತೈತಿ. ಒಳಗಿನ ಬಿಲ್ಲಿ ಛಲೋ ಇರ್ತಿದ್ವು.

ಕಾಕಾ: ಹಂಗಂತ ಒಬ್ಬಾಂವ ಅದ ಮಾಡೆಲ್ಲಿನ ಬೋರ್ಡ್ ತಂದು ಹಚ್ಚಿದ. ತಿರುಗ್ತಿತ್ತು. ಟಕ್ ಟಕ್ ಅಂತಿತ್ತು. ಓದ್ತಿರಲಿಲ್ಲ.

ಹುಡುಗ: ಹಚ್ಚಬಾರದಿತ್ತು ಕಾಕಾ. ಪ್ರತಿ ಡಿಸ್ಕಿಗೂ ಅದರದ್ದ ಅಳತಿ ಇರ್ತೈತಿ, ಅದನ್ನ ಬೋರ್ಡ್ ಮ್ಯಾಲಿನ ಒಂದ ಸಣ್ಣ ಚಿಪ್ಪಿನ್ಯಾಗ ಬರದಿರ್ತಾರ. ಆ ಚಿಪ್ ಬಿಚ್ಚಿ ಹೊಸ ಬೋರ್ಡಿಗೆ ಬೆಸಿಗಿ ಹಾಕಬೇಕು. ಓದೂ ತಲಿ ಬಿಲ್ಲಿಯಿಂದ ಎಷ್ಟ ಮ್ಯಾಲ ಹಾರ್ತೈತಿ ಗೊತ್ತೇನ್ರಿ? ಕೂದಲ ದಪ್ಪವನ್ನ ಹತ್ತ ಸಾವಿರ ಪಾಲು ಮಾಡಿದ್ರ ಒಂದ ಪಾಲಿಗಿಂತ ಕಮ್ಮಿ. ಬ್ಯಾರೆಯಾಂವನ ಅಳತಿ ಹಿಡದು ಹಾರಾಕ ಹೋದ್ರ ದಾರಿ ಸಿಗೂದಿಲ್ಲ.

ಕಾಕಾ: ದೊಡ್ಡ ಊರಿಗೆ ಕಳಸಬೇಕು ಅಂದ್ರು. ಕೇಳಿದ ರೊಕ್ಕ ನನ್ನ ಆ ಸುಗ್ಗಿ ಗಳಿಕಿಗಿಂತ ಹೆಚ್ಚಿತ್ತು. ಬಿಟ್ಟೆ. ಮಂದಿಗೆ ಪೆನ್‌ಡ್ರೈವ್ ಮುಟ್ಟಿದ್ವು, ಯಾರೂ ಜಗಳಾಡಲಿಲ್ಲ. ವರ್ಷದ ಮ್ಯಾಲ ಒಬ್ರು ಬಂದ್ರು. ಅವರಪ್ಪ ತೀರ್ಕೊಂಡಿದ್ದ. ಮಗಳ ಲಗ್ನದಾಗ ಪಟಗಾ ಸುತ್ಕೊಂಡು ನಕ್ಕೋತ ಕುಂತಿದ್ದಲ್ಲ, ಆ ಫೋಟೋ ದೊಡ್ಡದು ಮಾಡಿ ಕೊಡ್ರಿ ಅಂದ್ರು. ಪೆನ್‌ಡ್ರೈವ್ ಎಲ್ಲೊ ಕಳದಿತ್ತು. ನನ್ನ ಹತ್ರ ಏನಿತ್ತು?

ಹುಡುಗ: ಆಲ್ಬಂ?

ಕಾಕಾ: ಕರಿಜ್ಮಾ ಆಲ್ಬಂ ಅವರ ಮನ್ಯಾಗ ಇತ್ತು. ತರಿಸಿದೆ. ಮುದುಕಪ್ಪ ಎರಡು ಹಾಳಿ ಕೂಡೂ ಜಾಗಾದಾಗ ಕುಂತಾನ. ಹೊರಗ ಕಟ್ಟಿ ಮ್ಯಾಲ ನೆಳ್ಳಾಗ ಆಲ್ಬಂ ಬಿಚ್ಚಿಟ್ಟು, ಮಿಂಚು ಬೀಳದಂಗ ಮ್ಯಾಲಿಂದ ಹೊಡದೆ. ಎಷ್ಟ ತಿದ್ದಿದ್ರೂ ಮಡಿಕಿ ಗೆರಿ ಹೋಗಲಿಲ್ಲ. ಇವತ್ತೂ ಆ ಮನ್ಯಾಗ ಗ್ವಾಡಿ ಮ್ಯಾಲ ಐತಿ, ಬಲಗಿವಿ ಮ್ಯಾಲ ಒಂದ ಗೆರಿ.

(ಮಚ್ಛೆ ಬಂತು. ತಾಂತ್ರಿಕ ವಿಶ್ವವಿದ್ಯಾಲಯದ ಹುಡುಗರು ನಾಲ್ಕು ಜನ ಹತ್ತಿದರು. ಕಾಕಾ ಸ್ವಲ್ಪ ಹೊತ್ತು ಕಿಟಕಿ ನೋಡಿದ. ಇಂಥ ಮಾತಿಗೆ ಹುಡುಗನೂ ಉತ್ತರ ಹುಡುಕಲಿಲ್ಲ, ಅದು ಒಳ್ಳೆಯದಾಯಿತು.)

ಹುಡುಗ: ಅದಕ್ಕ ಎಂಟು ಟಿಬಿ ಬ್ಯಾಡಂದ್ರೇನು?

ಕಾಕಾ: ಒಂದ ದೊಡ್ಡದು ತಂದು ಅರ್ಧ ನಿಂದು ಅರ್ಧ ನಂದು ಮಾಡಿದ್ರ ಅದು ಬ್ಯಾಕಪ್ ಅಲ್ಲ, ಗಂಟು. ಗಂಟು ಹೋದ್ರ ಎಲ್ಲಾ ಹೋತು. ಎರಡು ತಂದು ಒಂದ ಡಬ್ಬ್ಯಾಗ ಇಟ್ರೂ ಅಷ್ಟ, ಅದನ್ನ ನಾ ರೊಕ್ಕ ಕೊಟ್ಟು ಕಲ್ತೀನಿ. ಅಂಗಡ್ಯಾವ್ರು ಇದನ್ನ ಹೇಳೂದಿಲ್ಲ. ಎಷ್ಟ ಟಿಬಿ ಬೇಕ್ರಿ ಅಂತ ಕೇಳ್ತಾರ, ಎಷ್ಟ ಜಾಗಾದಾಗ ಬೇಕ್ರಿ ಅಂತ ಕೇಳೂದಿಲ್ಲ.

ಹುಡುಗ: ನಿಮ್ಮ ಕಸಬಿನಾಂವನ ಒಬ್ಬ ಇದಕ್ಕ ಲೆಕ್ಕ ಹಾಕ್ಯಾನ ಕಾಕಾ. ಪೀಟರ್ ಕ್ರೋಗ್ ಅಂತ, ಅಮೆರಿಕದ ಫೋಟೋಗ್ರಾಫರ್. ಮೂರು ಪ್ರತಿ, ಎರಡು ತರದ ಸಾಧನದ ಮ್ಯಾಲ, ಒಂದು ಊರ ಹೊರಗ. ಈಗ ಕಂಪ್ಯೂಟರ್ ಮಂದಿಯೆಲ್ಲಾ ಅದನ್ನ ಪಾಠದಂಗ ಹೇಳ್ತಾರ.

ಕಾಕಾ: ನಮ್ಮ ಹಲಸ್ಯಾಗ ಕದಂಬರು ತಾಮ್ರದ ಹಾಳಿ ಮ್ಯಾಲ ಬರಸಿದ್ರಲ್ಲ, ಕಾಕುಸ್ಥವರ್ಮಂದು. ಸಾವಿರದ ಐನೂರು ವರ್ಷ ಆತು.

ಹುಡುಗ: ಅವು ಒಂದ ಪ್ರತಿ ಇದ್ದು ಉಳದ್ವಲ್ಲ ಮತ್ತ?

ಕಾಕಾ: ಉಳದ್ವು. ತಾಮ್ರಕ್ಕ ಕರೆಂಟ್ ಬೇಕಾಗಿಲ್ಲ. ಆದ್ರ ಎಷ್ಟ ಹಾಳಿ ಉಳೀಲಿಲ್ಲ ಅನ್ನೂದು ನಮಗ ಹೆಂಗ ಗೊತ್ತಾಗ್ಬೇಕು? ಉಳದದ್ದನ್ನ ಫ್ಲೀಟ್ ಅನ್ನೂ ಇಂಗ್ಲಿಷ್ ಸಾಹೇಬ ಓದಿ ಅಚ್ಚು ಹಾಕಿಸಿದ. ಈಗ ತಾಮ್ರ ಕರಗಿದ್ರೂ ಅಕ್ಷರ ಹೋಗೂದಿಲ್ಲ. ಅದು ಎರಡನೇ ಪ್ರತಿ.

ಹುಡುಗ: ಹಂಗಾರ ಹಿಂಗ ಮಾಡೂಣು. ನಾಕ ಟಿಬಿದು ಎರಡು, ಎರಡೂ ಸಿಎಂಆರ್. ಒಂದು ಕ್ಯಾಬಿನೆಟ್ ಒಳಗ. ಇನ್ನೊಂದನ್ನೂ ಇಂಟರ್ನಲ್ ತಗೊಂಡು ಯುಎಸ್‌ಬಿ ಡಾಕ್‌ನ್ಯಾಗ ನೆಟ್ಟಗ ನಿಂದರಿಸಿ ನಕಲು ತೆಗಿಯೂದು. ಪೂರಾ ನಾಕ ಟಿಬಿಗೆ ಏಳೂವರಿ ತಾಸು, ರಾತ್ರಿ ಹಚ್ಚಿದ್ರ ಬೆಳಗಾಗೂದ್ರಾಗ ಮುಗೀತೈತಿ. ಆಮ್ಯಾಲ ತಗದು ಬ್ಯಾರೆ ಕಡೆ.

ಕಾಕಾ: ಹಚ್ಚೇ ಇಟ್ರ ಏನಾಗ್ತೈತಿ?

ಹುಡುಗ: ಸಿಡಲಿಂದ ನೀವ ಕಂಡೀರಿ. ಇನ್ನೊಂದು ರ‍್ಯಾನ್ಸಮ್‌ವೇರ್. ಅದು ಒಳಗ ಹೊಕ್ರ ಹಚ್ಚಿದ್ದ ಡಿಸ್ಕಿಗೆಲ್ಲಾ ಕೀಲಿ ಹಾಕ್ತೈತಿ. ನಾನೂ ಆಟದ ಹುಡುಗ, ಎಂದಾದ್ರೂ ಒಂದಿನಾ ಫುಕಟ ಸಿಗ್ತೈತಿ ಅಂತ ಏನೇನೊ ಇಳಸ್ತೀನಿ.

ಕಾಕಾ: ಇಳಸ್ತೀನಿ ಅಲ್ಲ, ಇಳಸೀನಿ ಅನ್ನು.

ಹುಡುಗ: ...ಇಳಸೀನ್ರಿ. ಗೇಮಿಗೆ ಒಂದ ಟಿಬಿ ಎಸ್‌ಎಸ್‌ಡಿ. ಅದರಾಗ ನೀವು ಕೆಲಸ ನಡದಿದ್ದ ಲಗ್ನಾನೂ ಇಟ್ಕೊಳ್ರಿ, ಎಡಿಟಿಂಗ್ ಜೋರ ಆಗ್ತೈತಿ. ನಾ ಆಡಿ ಮುಗಿಸಿದ್ದು ಒಳಗಿನ ಹಾರ್ಡ್‌ಡಿಸ್ಕಿಗೆ ಹೋಗ್ತೈತಿ. ನಿಮ್ಮ ಫೋಟೋ ಬಂದು ಜಾಗಾ ಕೇಳಿದ ದಿನ ನಾ ಅಳಸ್ತೀನಿ.

ಕಾಕಾ: ನಕಲಿನ್ಯಾಗ ನಿನ್ನ ಗೇಮು ಬರೂದಿಲ್ಲ.

ಹುಡುಗ: ಬ್ಯಾಡ. ಎಪ್ಪತ್ತೈದು ದಿನ ಕಾಯ್ತೀನಿ. ಮತ್ತ ಹೊರಗ ಇಡೂದು ಹಾರ್ಡ್‌ಡಿಸ್ಕ ಇರ್ಲಿ, ಎಸ್‌ಎಸ್‌ಡಿ ಬ್ಯಾಡ. ಕರೆಂಟ್ ಇಲ್ಲದ ವರ್ಷಗಟ್ಲೆ ಇಟ್ರ ಎಸ್‌ಎಸ್‌ಡಿಯೊಳಗಿನ ವಿದ್ಯುತ್ತು ಸೋರಿ ಹೋಗ್ತೈತಿ, ಅಕ್ಷರಾನೂ ಅದರ ಕೂಡ.

ಕಾಕಾ: ಬಸ್ಸಿನ್ಯಾಗ ಒಯ್ಯೂಮುಂದ ಕುಲುಕಿದ್ರ?

ಹುಡುಗ: ಬಂದ್ ಇದ್ದಾಗ ತಲಿ ಪಕ್ಕಕ್ಕ ಸರದು ನಿಂತಿರ್ತೈತಿ, ಬಿಲ್ಲಿ ಮ್ಯಾಲ ಇರೂದಿಲ್ಲ. ಟವೆಲ್ ಸುತ್ತಿ ತೊಡಿ ಮ್ಯಾಲ ಇಟ್ಕೊಂಡ್ರ ಸಾಕು. ತಿರುಗೂಮುಂದ ಬೀಳಬಾರದು, ಅಷ್ಟ. ಆರ ತಿಂಗಳಿಗೊಮ್ಮೆ ತಂದು ಹಚ್ಚಿ ಓದಿ ನೋಡಬೇಕು.

ಕಾಕಾ: ಬ್ಯಾರೆ ಕಡೆ ಅಂದ್ರ ಎಲ್ಲಿ? ಓಣ್ಯಾಗ ಇಟ್ರ ಅದ ಸಿಡಲು, ಅದ ಮಳಿ. 2019ರ ಆಗಸ್ಟ್‌ನ್ಯಾಗ ನೀರ ಹೆಂಗ ಬಂದಿತ್ತು ನೋಡಿಲ್ಲೇನು? ಬೆಳಗಾವಿ ಶಹಾಪುರದಾಗ ಅಕ್ಕನ ಮನಿ ಐತಲ್ಲ, ಎರಡನೇ ಮಜಲಿ. ನಿನಗೂ ಅತ್ತಿ ಮನಿಗೆ ಹೋಗಾಕ ಒಂದ ನೆವ.

ಹುಡುಗ: ಸೋಮವಾರ ಕಾಲೇಜ್ ಬಿಟ್ಟ ಮ್ಯಾಲ ನಾನ ತರ್ತೀನಿ.

ಕಾಕಾ: ತರೂಮುಂದ ನೋಡ್ಕೊ. ಆ ಮೂರನೇ ಅಂಗಡ್ಯಾಂವ ಕಮ್ಮಿಗೆ ಕೊಡ್ತೀನಿ ಅಂದ, ಡಬ್ಬಿ ಇರಲಿಲ್ಲ, ಬರೇ ಬೆಳ್ಳಿ ಚೀಲ.

ಹುಡುಗ: ಬೆಳ್ಳಿ ಚೀಲದಾಗ ಹೊಸಾದೂ ಬರ್ತಾವ, ಕಳಚಿದ್ದೂ ಬರ್ತಾವ. ಮದಲ ಸೀರಿಯಲ್ ನಂಬರನ್ನ ಕಂಪನಿ ವೆಬ್‌ಸೈಟಿನ್ಯಾಗ ಹಾಕಿ ಭಾರತದ ವಾರಂಟಿ ಐತೇನು ನೋಡ್ತೀನಿ. ಮನಿಗೆ ತಂದು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೂ ಸಾಫ್ಟ್‌ವೇರ್ ಹಚ್ಚಿದ್ರ ಎಷ್ಟ ತಾಸು ಓಡೈತಿ, ಎಷ್ಟ ಸೆಕ್ಟರ್ ಕೆಟ್ಟಾವ ತೋರಸ್ತೈತಿ. ಹೊಸಾದಕ್ಕ ಎರಡೂ ಸೊನ್ನಿ ಇರಬೇಕು. ಅದನ್ನೂ ಅಳಸಾವ್ರು ಅದಾರ. 2025ರ ಶುರುವಿಗೆ ಜರ್ಮನ್ಯಾಗ ಸಾವಿರಾರು ತಾಸು ಓಡಿದ ಸೀಗೇಟ್ ಡಿಸ್ಕನ್ನ ಸೊನ್ನಿ ಮಾಡಿ ಹೊಸಾದು ಅಂತ ಮಾರಿದ್ದು ಸಿಕ್ಕಿತ್ತು. ಸೀಗೇಟಿನ್ಯಾಗ ಫಾರ್ಮ್ ಅಂತ ಇನ್ನೊಂದು ದಾಖಲಿ ಇರ್ತೈತಿ, ಕಳ್ಳರು ಅದನ್ನ ತಿದ್ದಾಕ ಮರ್ತಿದ್ರು.

ಕಾಕಾ: ಎರಡನೇ ಪ್ರತಿ ಇದ್ದದ್ದಕ್ಕ ಸಿಕ್ಕಿಬಿದ್ರು ಅನ್ನು. ರೇಟ್ ಇಳಿಯೂತನಕ ಕಾಯೂಣೇನು? 2011ರಾಗ ಥೈಲ್ಯಾಂಡಿನ ಫ್ಯಾಕ್ಟರ್ಯಾಗ ನೀರ ಹೊಕ್ಕು, ಇಲ್ಲಿ ಡಿಸ್ಕಿನ ರೇಟ್ ಎರಡು ಪಟ್ಟಾಗಿತ್ತು. ಆಗ ಇಳೀಲಿ ಅಂತ ಕಾದು ಕಾದು ವರ್ಷ ಕಳದೆ.

ಹುಡುಗ: ಜಗತ್ತಿಗೆಲ್ಲಾ ಡಿಸ್ಕ್ ಮಾಡಾವ್ರು ಮೂರ ಮಂದಿ ಉಳದಾರ ಕಾಕಾ: ಸೀಗೇಟು, ವೆಸ್ಟರ್ನ್ ಡಿಜಿಟಲ್ಲು, ತೋಶಿಬಾ. ಅವ್ರ ಹೇಳಿದ್ದ ರೇಟು. ಲಗ್ನ ಕಾಯೂದಿಲ್ಲ.

ಕಾಕಾ: ಏಳು, ಖಾನಾಪುರ ಬಂತು.

ಸೋಮವಾರ ಡಿಸ್ಕ್ ಎರಡೂ ಬಂದವು. ಒಂದು ಸ್ಟುಡಿಯೋದ ಕ್ಯಾಬಿನೆಟ್ಟಿನಲ್ಲಿದೆ. ಇನ್ನೊಂದು ಶಹಾಪುರದಲ್ಲಿ ಅತ್ತೆಯ ಕಪಾಟಿನೊಳಗೆ, ಮಡಿಸಿಟ್ಟ ರೇಷ್ಮೆ ಸೀರೆಗಳ ನಡುವೆ. ಮೇಲಿನ ಚೀಟಿಯಲ್ಲಿ ನಕಲು ತೆಗೆದ ತಾರೀಖಿದೆ. ಕೆ‌ಳಗೆ ಹುಡುಗ ಬರೆದ ಒಂದು ಸಾಲು: ಇದರಾಗ ಗೇಮ್ ಇಲ್ಲ.